ಫಿಲ್ಮ್ ಛಾಯಾಗ್ರಹಣವನ್ನು ಇನ್ನು ಮುಂದೆ ‘ಪರ್ಯಾಯ ವಿಧಾನ’ ಎಂದು ಎಣಿಸಬೇಕೇ? ಪ್ರದರ್ಶನದ ವಿಭಾಗದ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿ

ಅಮಾನಿಕೆರೆ ದಂಡೆ (ತುಮಕೂರು)

ಎಲ್ಲರಿಗೂ ನಮಸ್ಕಾರ. ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನದಂದು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹವ್ಯಾಸಿಗಳಿಗಾಗಿ ನಾವು ಕೆಲವು ಗೆಳೆಯರು ಸೇರಿ ತುಮಕೂರಿನಲ್ಲಿ ಒಂದು ಪ್ರದರ್ಶನವನ್ನು ಏರ್ಪಡಿಸುತ್ತಿದ್ದೇವೆ. ಈ ಸಲ ‘ಪರ್ಯಾಯ ವಿಧಾನಗಳು’ ಎಂಬ ಹೊಸ ವಿಭಾಗವನ್ನು ಸೇರಿಸಿದ್ದೇವೆ. ಸಯನೋಟೈಪ್, ವ್ಯಾನ್ ಡೈಕ್, ಸಾಲ್ಟ್ ಪ್ರಿಂಟ್, ಗಮ್ ಬೈಕ್ರೋಮೇಟ್ ಇಂಥ, ಕಾಗದಕ್ಕೆ ರಾಸಾಯನಿಕವನ್ನು ಕೈಯಾರೆ ಬಳಿದು ಮಾಡುವ ಹಳೆಯ ಮುದ್ರಣ ವಿಧಾನಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಆ ವಿಭಾಗವನ್ನು ಮಾಡಿದ್ದೆವು.

ಆದರೆ ಬಂದಿರುವ ಚಿತ್ರಗಳಲ್ಲಿ ಎರಡು ನಮ್ಮನ್ನು ಇಕ್ಕಟ್ಟಿಗೆ ಸಿಲುಕಿಸಿವೆ. ಒಂದು, ಸಿದ್ಧಗಂಗೆಯ ದನಗಳ ಜಾತ್ರೆಯನ್ನು ಕಪ್ಪುಬಿಳುಪು ರೀಲಿನಲ್ಲಿ ತೆಗೆದು, ಮನೆಯಲ್ಲೇ ತೊಳೆದು, ಎನ್‌ಲಾರ್ಜರ್ ಎಂಬ ಚಿತ್ರ ಹಿಗ್ಗಿಸುವ ಯಂತ್ರ ಹಾಕಿ, ಬೆಳ್ಳಿಯ ಲವಣ ಲೇಪಿಸಿದ ಸಿದ್ಧ ಬ್ರೊಮೈಡ್ ಕಾಗದದ ಮೇಲೆ ಮಾಡಿದ ಪ್ರಿಂಟ್. ಇನ್ನೊಂದು, ದೇವರಾಯನದುರ್ಗದ ಬಣ್ಣದ ಚಿತ್ರ. ರೀಲನ್ನು ಬೆಂಗಳೂರಿನ ಲ್ಯಾಬಿಗೆ ಕೊಟ್ಟು ಡೆವಲಪ್ ಮಾಡಿಸಿ, ಸ್ಕ್ಯಾನ್ ಮಾಡಿಸಿ, ಇಂಕ್‌ಜೆಟ್‌ನಲ್ಲಿ ಮುದ್ರಿಸಿದ್ದು. ಇಬ್ಬರೂ ಅರ್ಜಿಯಲ್ಲಿ ‘ಪರ್ಯಾಯ ವಿಧಾನ’ ಎಂದೇ ಬರೆದಿದ್ದಾರೆ. ಇಂದಿನ ಕಾಲೇಜು ಮಕ್ಕಳು ರೀಲನ್ನೇ ಕಂಡಿಲ್ಲವಾದ್ದರಿಂದ ಒಪ್ಪಿಕೊಳ್ಳೋಣ ಎಂದು ಸಮಿತಿಯಲ್ಲಿ ಅರ್ಧದಷ್ಟು ಜನ ಹೇಳುತ್ತಾರೆ. ಉಳಿದವರು ಖಂಡಿತ ಕೂಡದು ಎನ್ನುತ್ತಾರೆ. ಅನುಭವಸ್ಥರು ದಯವಿಟ್ಟು ಕಾರಣಸಹಿತ ತಿಳಿಸಬೇಕು.

ಚಿಂತಾಮಣಿ ಸ್ಟುಡಿಯೋ

ನನ್ನ ಮಟ್ಟಿಗೆ ಖಂಡಿತ ಅಲ್ಲ. ನಮ್ಮ ತಂದೆಯವರು ಚಿಂತಾಮಣಿಯಲ್ಲಿ ಸ್ಟುಡಿಯೋ ನಡೆಸುತ್ತಿದ್ದರು, ಅವರ ನಂತರ ನಾನೂ ಅದೇ ಕಸುಬನ್ನು ಹಿಡಿದೆ. ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೋ, ಅರ್ಜಿಗೆ ಅಂಟಿಸುವ ಪಾಸ್‌ಪೋರ್ಟ್ ಫೋಟೋ, ಎಲ್ಲವೂ ಫಿಲ್ಮಿನಲ್ಲೇ ನಡೆಯುತ್ತಿದ್ದವು. ಹಿಂದಿನಿಂದ ಬೆಳಕು ಬೀಳುವ ಓರೆ ಮೇಜಿನ ಮೇಲೆ ನೆಗೆಟಿವ್ ಇಟ್ಟುಕೊಂಡು, ಮರಳು ಕಾಗದದಲ್ಲಿ ಉಜ್ಜಿ ಮೊನೆ ಮಾಡಿದ ಪೆನ್ಸಿಲ್‌ನಿಂದ ತಂದೆಯವರು ಟಚಿಂಗ್ ಮಾಡುತ್ತಿದ್ದರು. ಮುಖದ ಮೇಲಿನ ಕಲೆ ನೆಗೆಟಿವ್‌ನಲ್ಲಿ ತೆಳುವಾಗಿ ಕಾಣುತ್ತದೆ; ಆ ತೆಳುವಾದ ಜಾಗಕ್ಕೆ ಮಾತ್ರ ಗೀರುಗಳನ್ನು ತುಂಬಿದರೆ ಪ್ರಿಂಟಿನಲ್ಲಿ ಕಲೆ ಮಾಯವಾಗುತ್ತದೆ. ಗೀರು ಒಂದು ಕೂದಲೆಳೆಯಷ್ಟು ಆಚೆ ಹೋದರೂ ಕೆನ್ನೆಯ ಮೇಲೆ ಬಿಳಿ ಚುಕ್ಕೆ ಬರುತ್ತಿತ್ತು. ಊರೂರಿನಲ್ಲಿ ಸಾವಿರಾರು ಮನೆಗಳು ಹೊಟ್ಟೆ ಹೊರೆದುಕೊಂಡ ಮುಖ್ಯ ಕಸುಬು ಇದು. ಇಂದು ಮಾಡುವವರು ಕಡಿಮೆಯಾದ ಮಾತ್ರಕ್ಕೆ ಇದನ್ನು ತಂದು ‘ಇತರೆ’ ಸಾಲಿನಲ್ಲಿ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ಸ್ಟುಡಿಯೋ ಅಣ್ಣ, ನಿಮ್ಮ ಕಸುಬಿನ ಬಗ್ಗೆ ಗೌರವವಿದೆ, ಆದರೆ ವಾದವನ್ನು ಒಪ್ಪಲಾರೆ. ನಾವು ಯಾವ ದಿನದ ನೆನಪಿಗೆ ಪ್ರದರ್ಶನ ಮಾಡುತ್ತಿದ್ದೇವೆ ಎಂಬುದನ್ನೇ ನೋಡಿ. 1839ರ ಆಗಸ್ಟ್ 19ರಂದು ಫ್ರಾನ್ಸ್ ಸರ್ಕಾರ, ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಚಿತ್ರ ಮೂಡಿಸುವ ಡ್ಯಾಗೆರೊಟೈಪ್ ವಿಧಾನವನ್ನು ಜಗತ್ತಿಗೆ ಬಹಿರಂಗಪಡಿಸಿತು. ಅಂದಿನ ಮಟ್ಟಿಗೆ ಅದೇ ಛಾಯಾಗ್ರಹಣದ ರಾಜಮಾರ್ಗ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಅವರ ಹಸಿ ಕೊಲೋಡಿಯನ್ (ಅಂಟು ದ್ರಾವಣ) ಬಳಿದ ಗಾಜು ಬಂದು ಅದನ್ನು ಬದಿಗೆ ಸರಿಸಿತು. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಅವರು ಜೆಲಟಿನ್ ಒಣ ಗಾಜಿನ ದಾರಿ ತೋರಿಸಿದ ಮೇಲೆ ಕೊಲೋಡಿಯನ್ ಕೂಡ ಮೂಲೆ ಸೇರಿತು. ಇಂದು ಡ್ಯಾಗೆರೊಟೈಪನ್ನೂ ಕೊಲೋಡಿಯನ್ನನ್ನೂ ಯಾರೂ ಪ್ರಶ್ನೆಯಿಲ್ಲದೆ ಪರ್ಯಾಯ ವಿಧಾನಗಳ ಪಟ್ಟಿಯಲ್ಲಿ ಹಾಕುತ್ತಾರೆ. ಅವೂ ತಮ್ಮ ಕಾಲದಲ್ಲಿ ಸಾವಿರಾರು ಮನೆಗಳ ಹೊಟ್ಟೆ ಹೊರೆದವುಗಳೇ. 1935ರಿಂದ ಬರುತ್ತಿದ್ದ ಕೊಡಾಕ್ ಕಂಪನಿಯ ಬಣ್ಣದ ಫಿಲ್ಮ್ ಕೊಡಾಕ್ರೋಮ್ 2009ರಲ್ಲಿ ನಿಂತಿತು, 2012ರ ಜನವರಿಯಲ್ಲಿ ಕೊಡಾಕ್ ಕಂಪನಿಯೇ ದಿವಾಳಿ ರಕ್ಷಣೆ ಕೋರಿತು. ಡಿಜಿಟಲ್ ಬಂದು ಫಿಲ್ಮನ್ನು ಅದೇ ಜಾಗಕ್ಕೆ ತಂದು ನಿಲ್ಲಿಸಿದೆ ಎಂದು ಒಪ್ಪಿಕೊಳ್ಳಲು ನಮಗೇಕೆ ಇಷ್ಟು ಕಷ್ಟ?

ಮಧುಗಿರಿ ಕೋಟೆ

ಜಾತ್ರೆಯ ಪ್ರಿಂಟಿನ ಬಗ್ಗೆ ಎರಡು ಮಾತಿರಬಹುದು. ಸ್ಕ್ಯಾನ್ ಮಾಡಿ ಇಂಕ್‌ಜೆಟ್‌ನಲ್ಲಿ ತೆಗೆದದ್ದು ಮಾತ್ರ ಯಾವ ಲೆಕ್ಕದಿಂದಲೂ ಆ ವಿಭಾಗಕ್ಕೆ ಸೇರುವುದಿಲ್ಲ.

ರಸಾಯನ ಮೇಷ್ಟ್ರು (ಗೌರಿಬಿದನೂರು)

ನಂದಿ ತಪ್ಪಲಿನವರು ಹೇಳಿದ ಇತಿಹಾಸ ಸರಿಯಾಗಿಯೇ ಇದೆ, ಆದರೆ ಅದರಿಂದ ಅವರು ಎಳೆದ ತೀರ್ಮಾನ ಸರಿಯಲ್ಲ. ಈ ವರ್ಗ ಹುಟ್ಟಿದ್ದು ಯಾವಾಗ ಎಂಬುದನ್ನು ಮೊದಲು ನೋಡಬೇಕು. 1960 ಮತ್ತು 70ರ ದಶಕಗಳಲ್ಲಿ, ಕಾರ್ಖಾನೆಯಿಂದ ಸಿದ್ಧವಾಗಿ ಬರುವ ಬ್ರೊಮೈಡ್ ಕಾಗದದ ಏಕರೂಪತೆಯಿಂದ ಬೇಸತ್ತ ಕಲಾವಿದರು 19ನೇ ಶತಮಾನದ ಮುದ್ರಣ ವಿಧಾನಗಳನ್ನು ಮತ್ತೆ ಹುಡುಕಿಕೊಂಡು ಹೋದರು. ಫಿಲ್ಮ್ ಮತ್ತು ಬ್ರೊಮೈಡ್ ಕಾಗದಕ್ಕೆ ಬದಲಾಗಿ ಏನನ್ನು ಬಳಸಿದರೋ ಅದಕ್ಕೆ ಈ ಹೆಸರು ಬಂದಿತು. ಯಾವುದರಿಂದ ದೂರ ಸರಿಯಲು ಒಂದು ಗುಂಪು ಹುಟ್ಟಿತೋ ಅದನ್ನೇ ತಂದು ಆ ಗುಂಪಿನೊಳಗೆ ಸೇರಿಸಿದರೆ ಆ ವರ್ಗಕ್ಕೆ ಯಾವ ಗಡಿಯೂ ಉಳಿಯುವುದಿಲ್ಲ.

ಇನ್ನು ಕೆಲಸದ ದೃಷ್ಟಿಯಿಂದ ನೋಡೋಣ. 1842ರಲ್ಲಿ ಸರ್ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪನ್ನು ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ಮಾಡಿ ತೋರಿಸುತ್ತೇನೆ. 100 ಮಿಲಿಲೀಟರ್ ನೀರಿಗೆ 25 ಗ್ರಾಂ ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್ ಒಂದು ಬಾಟಲಿಯಲ್ಲಿ, 100 ಮಿಲಿಲೀಟರ್‌ಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್ ಇನ್ನೊಂದರಲ್ಲಿ. ಎರಡನ್ನೂ ಸಮಪಾಲು ಬೆರೆಸಿ, ಬ್ರಷ್‌ನಿಂದ ಕಾಗದಕ್ಕೆ ಬಳಿದು ಕತ್ತಲಲ್ಲಿ ಒಣಗಿಸಿದರೆ, ಬೆಳಕನ್ನು ಹಿಡಿಯುವ ಮೇಲ್ಮೈಯನ್ನು ನೀವೇ ತಯಾರಿಸಿದಂತಾಯಿತು. ಕಾಗದ ಎಷ್ಟು ಹೀರಿತು, ಬ್ರಷ್ ಯಾವ ದಿಕ್ಕಿಗೆ ಓಡಿತು, ಅಂದಿನ ಗಾಳಿಯಲ್ಲಿ ಎಷ್ಟು ತೇವವಿತ್ತು ಎಂಬುದೆಲ್ಲ ಚಿತ್ರದಲ್ಲಿ ಕಾಣುತ್ತದೆ. ಫಿಲ್ಮಿನ ವಿಷಯ ಹಾಗಲ್ಲ. ಅಗಲವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಳ್ಳಿಯ ಲವಣ ಬೆರೆತ ಜೆಲಟಿನ್ ಪದರಗಳನ್ನು ಕಗ್ಗತ್ತಲೆಯಲ್ಲಿ ಯಂತ್ರಗಳು ಎರೆಯುತ್ತವೆ, ಕತ್ತರಿಸುತ್ತವೆ, ಅಂಚಿಗೆ ತೂತು ಹೊಡೆಯುತ್ತವೆ. ಮನೆಯಲ್ಲಿ ಅದನ್ನು ಯಾರೂ ಮಾಡಲಾಗದು. ಆದ್ದರಿಂದ ಬೆಳಕಿನ ಮೇಲ್ಮೈಯನ್ನು ತಯಾರಿಸಿದವರು ಯಾರು ಎಂಬುದೇ ನನ್ನ ಗೆರೆ.

ಚಾಂಪಿಯನ್ ರೀಫ್ (ಕೆಜಿಎಫ್)

ಮೇಷ್ಟ್ರೇ, ನಿಮ್ಮ ಗೆರೆಯನ್ನು ನಮ್ಮ ಮನೆಯ ಒಂದು ಹಾಳೆ ಅಳಿಸಿಹಾಕುತ್ತದೆ. ನಮ್ಮ ತಾತನವರು ಚಿನ್ನದ ಗಣಿಯ ಡ್ರಾಯಿಂಗ್ ಆಫೀಸಿನಲ್ಲಿ ಕೆಲಸಕ್ಕಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ನಂತರವೂ ಅವರ ಟ್ರಂಕಿನಲ್ಲಿ ಒಂದು ಮಡಿಸಿದ ನಕ್ಷೆ ಉಳಿದಿತ್ತು. ಕಡುನೀಲಿ ಹಾಳೆಯ ಮೇಲೆ ಬಿಳಿ ಗೆರೆಗಳಲ್ಲಿ ಶಾಫ್ಟಿನ ಅಡ್ಡಕೊಯ್ತ, ಮಟ್ಟಗಳ ಸಂಖ್ಯೆ, ಪಕ್ಕದಲ್ಲಿ ಪೆನ್ಸಿಲ್‌ನ ಟಿಪ್ಪಣಿ. ಅದು ಹರ್ಷೆಲ್ ಅವರ ಸಯನೋಟೈಪ್ ವಿಧಾನವೇ. ಎಂಜಿನಿಯರುಗಳು ‘ಬ್ಲೂಪ್ರಿಂಟ್’ ಎಂದು ಕರೆಯುತ್ತಿದ್ದ ಆ ಕಾಗದ ಕಾರ್ಖಾನೆಯಲ್ಲಿ ಲೇಪನವಾಗಿಯೇ ಸುರುಳಿಗಟ್ಟಲೆ ಬರುತ್ತಿತ್ತು. ಯಾವ ಡ್ರಾಫ್ಟ್ಸ್‌ಮನ್ನೂ ಬ್ರಷ್ ಹಿಡಿದು ಕೂತಿರಲಿಲ್ಲ. ಅಂದರೆ ಸಯನೋಟೈಪ್ ಕೂಡ ಒಂದು ಕಾಲಕ್ಕೆ ಕೈಗಾರಿಕೆಯ ದಿನನಿತ್ಯದ ಸಾಮಗ್ರಿ. ಕೈಗಾರಿಕೆ ಅದನ್ನು ಬಿಟ್ಟ ನಂತರ ಕಲಾವಿದರು ಅದನ್ನು ತಮ್ಮದಾಗಿಸಿಕೊಂಡರು. ಫಿಲ್ಮಿನ ವಿಷಯದಲ್ಲೂ ಇಂದು ಇದೇ ಆಗುತ್ತಿದೆ.

ನಂದಿ ತಪ್ಪಲು

ಚಾಂಪಿಯನ್ ರೀಫ್ ಅವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಪ್ಲಾಟಿನಂ ಲೋಹದ ಲವಣದಿಂದ ಚಿತ್ರ ಮುದ್ರಿಸುವ ಪ್ಲಾಟಿನಂ ಕಾಗದದ ಕಥೆಯೂ ಇದೇ ಅಲ್ಲವೇ? ವಿಲಿಯಂ ವಿಲ್ಲಿಸ್ 1873ರಲ್ಲಿ ಪೇಟೆಂಟ್ ಪಡೆದ ಮೇಲೆ ಅದರ ಸಿದ್ಧ ಕಾಗದ ಅಂಗಡಿಗಳಲ್ಲಿ ಮಾರಾಟವಾಗುತ್ತಿತ್ತು.

ರಸಾಯನ ಮೇಷ್ಟ್ರು

ಎರಡೂ ಉದಾಹರಣೆಗಳು ಬಲವಾಗಿಯೇ ಇವೆ, ಆದರೆ ಅವು ನನ್ನ ಪರವಾಗಿಯೇ ಸಾಕ್ಷಿ ನುಡಿಯುತ್ತವೆ. ಸಿದ್ಧ ಪ್ಲಾಟಿನಂ ಕಾಗದ ಮೊದಲ ಮಹಾಯುದ್ಧದ ಕಾಲದಲ್ಲಿ ಲೋಹದ ಬೆಲೆ ಏರಿದ್ದರಿಂದ ಕ್ಷೀಣಿಸಿತು. ಬ್ಲೂಪ್ರಿಂಟ್ ಜಾಗಕ್ಕೆ ಡಯಾಜೊ ಎಂಬ ಇನ್ನೊಂದು ಬಗೆಯ ನಕಲು ಪ್ರತಿಗಳು ಬಂದವು. ಕಾರ್ಖಾನೆ ಕೈಬಿಟ್ಟ ಮೇಲೆ, ರಾಸಾಯನಿಕವನ್ನು ತೂಗಿ ಕಾಗದಕ್ಕೆ ತಾವೇ ಬಳಿಯಲು ಜನ ಮುಂದಾದಾಗಲೇ ಇವೆರಡೂ ಪರ್ಯಾಯ ವಿಧಾನಗಳಾದವು. ಫಿಲ್ಮನ್ನು ಕಾರ್ಖಾನೆ ಇನ್ನೂ ಕೈಬಿಟ್ಟಿಲ್ಲ. ನಾಳೆ ಎಲ್ಲ ಕಾರ್ಖಾನೆಗಳೂ ಮುಚ್ಚಿ, ಯಾರಾದರೂ ಗಾಜಿನ ಮೇಲೆ ತಾವೇ ಜೆಲಟಿನ್ ಎಮಲ್ಷನ್ ಎರೆದು ಚಿತ್ರ ತೆಗೆದರೆ, ಅದನ್ನು ಈ ವಿಭಾಗದ ಮೊದಲ ಸಾಲಿನಲ್ಲಿ ತೂಗುಹಾಕಲು ನಾನೇ ಶಿಫಾರಸು ಮಾಡುತ್ತೇನೆ.

ಮಧುಗಿರಿ ಕೋಟೆ

ಫಿಲ್ಮ್ ತಯಾರಿಕೆ ಬಹುತೇಕ ನಿಂತೇ ಹೋಗಿದೆ ಎಂದು ಕೇಳಿದ್ದೆ. ಈಗ ಸಿಗುತ್ತಿರುವುದು ಹಳೆಯ ದಾಸ್ತಾನು ಅಲ್ಲವೇ?

ಕೋಲಾರ ಕಪ್ಪುಬಿಳುಪು

ಅಲ್ಲ, ಸರ್. ಅಮೆರಿಕದ ರಾಚೆಸ್ಟರ್‌ನಲ್ಲಿ ಕೊಡಾಕ್, ಇಂಗ್ಲೆಂಡಿನಲ್ಲಿ ಇಲ್‌ಫೋರ್ಡ್ ಹೆಸರಿನ ಫಿಲ್ಮುಗಳನ್ನು ತಯಾರಿಸುವ ಹಾರ್ಮನ್, ಜೆಕ್ ದೇಶದಲ್ಲಿ ಫೋಮಾ, ಇವೆಲ್ಲ ಈಗಲೂ ಹೊಸ ಫಿಲ್ಮ್ ತಯಾರಿಸುತ್ತಿವೆ. ನಿಲ್ಲಿಸಿದ್ದ ಎಕ್ಟಾಕ್ರೋಮ್ ಎಂಬ ಬಣ್ಣದ ಫಿಲ್ಮನ್ನು ಕೊಡಾಕ್ 2018ರಲ್ಲಿ ಮತ್ತೆ ತಂದಿತು. 2024ರಲ್ಲಿ ಪೆಂಟಾಕ್ಸ್ ಹೊಸದಾಗಿ ಒಂದು ಫಿಲ್ಮ್ ಕ್ಯಾಮೆರಾವನ್ನೇ ಬಿಡುಗಡೆ ಮಾಡಿತು. ನಿಂತುಹೋದದ್ದು ನಮ್ಮ ದೇಶದ ತಯಾರಿಕೆ. 1960ರಲ್ಲಿ ಉದಕಮಂಡಲದಲ್ಲಿ ಸ್ಥಾಪನೆಯಾದ ಸರ್ಕಾರಿ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮು ಮತ್ತು ಕಾಗದ ಕೋಲಾರದ ಅಂಗಡಿಗಳಲ್ಲೂ ಸಿಗುತ್ತಿತ್ತು. ಆ ಕಾರ್ಖಾನೆ ಮುಚ್ಚಿದ ಮೇಲೆ ನಾವು ಪೂರ್ತಿಯಾಗಿ ಆಮದಿನ ಮೇಲೆ ನಿಂತಿದ್ದೇವೆ. ಒಂದು ಕಪ್ಪುಬಿಳುಪು ರೀಲಿಗೆ ಸಾವಿರ ರೂಪಾಯಿಯ ಆಸುಪಾಸು ಕೊಡಬೇಕಾಗಿರುವುದರಿಂದ ಫಿಲ್ಮ್ ಅಪರೂಪ ಎನ್ನಿಸುತ್ತದೆ. ದುಬಾರಿಯಾಗಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಪರ್ಯಾಯ ವಿಧಾನವೆಂದು ಎಣಿಸಲಾಗದು.

ತಿಪಟೂರು ತೆಂಗು

ಮೇಷ್ಟ್ರ ಗೆರೆಯ ಬಗ್ಗೆ ನನ್ನದೊಂದು ತಕರಾರಿದೆ. ನಮ್ಮ ಕಡೆ ರಾಗಿ ಬೆಳೆದವರೂ ಗಿರಣಿಗೆ ಹಾಕಿಸಿಯೇ ಹಿಟ್ಟು ತರುತ್ತಾರೆ. ಹಾಗೆಂದು ಮನೆಯಲ್ಲಿ ತೊಳಸಿದ ಮುದ್ದೆಯನ್ನು ಗಿರಣಿಯ ಮುದ್ದೆ ಎಂದು ಯಾರೂ ಕರೆಯುವುದಿಲ್ಲ, ಏಕೆಂದರೆ ಹದ ಇರುವುದು ತೊಳಸುವವರ ಕೈಯಲ್ಲಿ. ಫಿಲ್ಮ್ ಕಾರ್ಖಾನೆಯಿಂದ ಬಂದರೂ ಅದರ ಹದ ನಮ್ಮದು.

ನಾನು ಡೆವಲಪರ್ ಅನ್ನು ಪ್ಯಾಕೆಟ್ಟಿನಲ್ಲಿ ಕೊಳ್ಳುವುದಿಲ್ಲ. ಡಿ-76 ಎಂಬ ಡೆವಲಪರನ್ನು ನಾನೇ ತೂಗಿ ಬೆರೆಸುತ್ತೇನೆ. ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ. ಮೆಟಾಲನ್ನು ಸಲ್ಫೈಟಿಗಿಂತ ಮೊದಲು ಹಾಕಬೇಕು, ಇಲ್ಲವಾದರೆ ಕರಗುವುದಿಲ್ಲ. ಪುಸ್ತಕದಲ್ಲಿ 20 ಡಿಗ್ರಿ ಎಂದು ಬರೆದಿರುತ್ತದೆ, ಏಪ್ರಿಲ್‌ನಲ್ಲಿ ನಮ್ಮ ಮನೆಯ ತೊಟ್ಟಿಯ ನೀರು 30 ದಾಟಿರುತ್ತದೆ. ಟ್ಯಾಂಕನ್ನು ಐಸ್ ನೀರಿನ ಬೇಸಿನ್ನಿನಲ್ಲಿ ನಿಲ್ಲಿಸಿ, ಹೈಪೊವನ್ನೂ (ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣ) ತೊಳೆಯುವ ನೀರನ್ನೂ ಅದೇ ಮಟ್ಟಕ್ಕೆ ತರದಿದ್ದರೆ, ತಣ್ಣಗಿನಿಂದ ಬಿಸಿಗೆ ಹೋದ ಜೆಲಟಿನ್ ಸುಕ್ಕುಗಟ್ಟಿ ಇಡೀ ನೆಗೆಟಿವ್ ಮೇಲೆ ಬಲೆಯ ಹಾಗೆ ಬಿರುಕು ಮೂಡುತ್ತದೆ. ಆಮೇಲೆ ಎನ್‌ಲಾರ್ಜರ್ ಕೆಳಗೆ, ಆಕಾಶಕ್ಕೆ ಇನ್ನಷ್ಟು ಬೆಳಕು ಕೊಡಲು ಅಂಗೈಯಿಂದ ನೆಲದ ಭಾಗವನ್ನು ಮರೆಮಾಡಿ, ಆ ಕೈಯನ್ನು ಒಂದೇ ಸಮನೆ ಅಲುಗಿಸುತ್ತಿರಬೇಕು. ಅಲುಗಿಸುವುದು ನಿಂತರೆ ಗೆರೆ ಬೀಳುತ್ತದೆ. ಇಷ್ಟು ಕೈಗೆಲಸವಿರುವ ವಿಧಾನವನ್ನು ಹೊರಗಿಡುವುದು ಅನ್ಯಾಯ.

ಚಿಂತಾಮಣಿ ಸ್ಟುಡಿಯೋ

ತಿಪಟೂರಿನವರೇ, ನೀವು ವರ್ಣಿಸಿದ್ದು ನಮ್ಮ ಸ್ಟುಡಿಯೋದ ಪ್ರತಿ ಸಂಜೆಯ ಕೆಲಸ. ಬ್ರೊಮೈಡ್ ಪ್ರಿಂಟು ಒಳ್ಳೆಯದೋ ಅಲ್ಲವೋ ಎಂಬ ಚರ್ಚೆ ಇಲ್ಲಿಲ್ಲ. ಅದು ಅಷ್ಟು ಒಳ್ಳೆಯದಾದ್ದರಿಂದಲೇ ಅದಕ್ಕೆ ತನ್ನದೇ ಜಾಗ ಬೇಕು ಎನ್ನುತ್ತಿದ್ದೇನೆ.

ಬಳಸಿದ ಹೈಪೊದ ಬಗ್ಗೆಯೂ ಒಂದು ಮಾತು ಹೇಳಬೇಕು. ಫಿಲ್ಮು ಮತ್ತು ಕಾಗದದಿಂದ ಕರಗಿದ ಬೆಳ್ಳಿ ಅದರಲ್ಲಿ ಸೇರಿಕೊಂಡಿರುತ್ತದೆ. ಅದನ್ನು ಕ್ಯಾನುಗಳಲ್ಲಿ ತುಂಬಿಸಿಟ್ಟರೆ ಬೆಳ್ಳಿ ತೆಗೆಯುವವರು ಊರಿಂದೂರಿಗೆ ಬಂದು ಕೊಂಡೊಯ್ಯುತ್ತಿದ್ದರು. ಆಸ್ಪತ್ರೆಗಳ ಹಳೆಯ ಎಕ್ಸ್‌ರೇ ಹಾಳೆಗಳನ್ನೂ ಅವರೇ ಒಯ್ಯುತ್ತಿದ್ದರು. ಈಗ ಮನೆಯಲ್ಲಿ ಡಾರ್ಕ್ ರೂಮ್ ಮಾಡುವ ಯುವಕರು ಅದನ್ನು ನೇರವಾಗಿ ಚರಂಡಿಗೆ ಸುರಿಯುತ್ತಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಆವನಿ ಬೆಟ್ಟ (ಮುಳಬಾಗಿಲು)

ಈ ಚರ್ಚೆಯಲ್ಲಿ ಸಯನೋಟೈಪ್ ಮತ್ತು ವ್ಯಾನ್ ಡೈಕ್ ಅನ್ನು ನಿಜವಾಗಿ ಮಾಡುತ್ತಿರುವವರು ಹೆಚ್ಚು ಮಂದಿ ಇದ್ದಂತೆ ಕಾಣಲಿಲ್ಲವಾದ್ದರಿಂದ ನಾನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾನು ಕಲಾ ಶಿಕ್ಷಕಿ. ಫಿಲ್ಮ್ ಕ್ಯಾಮೆರಾ ನನ್ನ ಬಳಿ ಇಲ್ಲ. ಆವನಿಯ ರಾಮಲಿಂಗೇಶ್ವರ ದೇವಾಲಯದ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದು, ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳಿಯಾಗಿ, ಬಿಳಿಯನ್ನು ಕಪ್ಪಾಗಿ ತಿರುಗಿಸಿ, ಪಾರದರ್ಶಕ ಓಎಚ್‌ಪಿ ಹಾಳೆಯ ಮೇಲೆ ಇಂಕ್‌ಜೆಟ್ ಪ್ರಿಂಟರಿನಲ್ಲಿ ಮುದ್ರಿಸುತ್ತೇನೆ. ಅದೇ ನನ್ನ ನೆಗೆಟಿವ್. ಅದನ್ನು ಲೇಪನ ಮಾಡಿದ ಕಾಗದದ ಮೇಲಿಟ್ಟು, ಗಾಜಿನ ಅಡಿಯಲ್ಲಿ ಒತ್ತಿ, ಮಹಡಿಯ ಬಿಸಿಲಿಗೆ ಇಡುತ್ತೇನೆ. ಹಳದಿಹಸಿರು ಬಣ್ಣ ಬೂದುನೀಲಿಗೆ ತಿರುಗಿ, ನೆರಳಿನ ಭಾಗಗಳು ಹಿತ್ತಾಳೆಯ ಕಂದು ಛಾಯೆಗೆ ಬಂದಾಗ ತೆಗೆದು ನೀರಿಗೆ ಹಾಕಬೇಕು. ಇಂದು ಈ ವಿಧಾನಗಳನ್ನು ಮಾಡುವ ಬಹಳಷ್ಟು ಜನರ ನೆಗೆಟಿವ್ ಡಿಜಿಟಲ್ಲೇ ಆಗಿದೆ. ಆದ್ದರಿಂದ ಒಂದು ಕಡೆ ಡಿಜಿಟಲ್, ಇನ್ನೊಂದು ಕಡೆ ಫಿಲ್ಮ್ ಮತ್ತು ಪರ್ಯಾಯ ವಿಧಾನಗಳು ಕೈಕೈ ಹಿಡಿದು ನಿಂತಿವೆ ಎಂಬ ಚಿತ್ರವೇ ವಾಸ್ತವಕ್ಕೆ ದೂರ. ನಮ್ಮ ಕೆಲಸ ಮೊಬೈಲಿನೊಂದಿಗೆ ಹೊಂದಿಕೊಂಡಿದೆ. ಫಿಲ್ಮ್ ಇಲ್ಲದಿದ್ದರೂ ಅದು ನಡೆಯುತ್ತದೆ.

ನಮ್ಮ ನೀರಿನ ತೊಂದರೆಗಳೂ ಬೇರೆಯೇ. ಇಲ್ಲಿನ ಬೋರ್‌ವೆಲ್ ನೀರು ಗಡಸು, ಜೊತೆಗೆ ಕ್ಷಾರದ ಗುಣವುಳ್ಳದ್ದು. ಕ್ಷಾರಕ್ಕೆ ಸಯನೋಟೈಪಿನ ನೀಲಿ ನಿಲ್ಲುವುದಿಲ್ಲ. ತೊಳೆಯುತ್ತ ತೊಳೆಯುತ್ತ ಬಣ್ಣ ಮಾಸುತ್ತದೆ. ಮೊದಲ ನೀರಿಗೆ ನಿಂಬೆರಸ ಅಥವಾ ಒಂದು ಚಿಟಿಕೆ ಸಿಟ್ರಿಕ್ ಆಮ್ಲ ಹಾಕಿದರೆ ನೀಲಿ ಉಳಿಯುತ್ತದೆ. ಸಿಲ್ವರ್ ನೈಟ್ರೇಟ್ ಬಳಸಿ ಮಾಡುವ ವ್ಯಾನ್ ಡೈಕ್ ಪ್ರಿಂಟನ್ನು ಅದೇ ನೀರಿಗೆ ಹಾಕಿದರೆ ಟ್ರೇಯಲ್ಲಿ ಹಾಲು ಬೆರೆತಂತೆ ಬಿಳಿ ಮಬ್ಬು ಏಳುತ್ತದೆ. ನೀರಿನಲ್ಲಿರುವ ಕ್ಲೋರೈಡ್ ನಮ್ಮ ಸಿಲ್ವರ್ ನೈಟ್ರೇಟನ್ನು ಹಿಡಿದು ಸಿಲ್ವರ್ ಕ್ಲೋರೈಡ್ ಆಗುವುದರಿಂದ ಹೀಗಾಗುತ್ತದೆ. ಲೇಪನದ ದ್ರಾವಣಕ್ಕಂತೂ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಬಿಟ್ಟರೆ ಬೇರೆ ದಾರಿಯಿಲ್ಲ. ಈ ಸಮಸ್ಯೆಗಳನ್ನು ಪ್ರದರ್ಶನದಲ್ಲಿ ಇನ್ನೊಬ್ಬರೊಂದಿಗೆ ಹಂಚಿಕೊಳ್ಳಲು ನಮಗೊಂದು ವಿಭಾಗ ಮೊದಲ ಬಾರಿಗೆ ಸಿಕ್ಕಿದೆ. ಅದನ್ನು ಫಿಲ್ಮಿನ ಚಿತ್ರಗಳೇ ತುಂಬಿಕೊಂಡರೆ ನಾವು ಮತ್ತೆ ಮೂಲೆಗೆ ಹೋಗುತ್ತೇವೆ.

ಚಾಂಪಿಯನ್ ರೀಫ್

ಮೇಡಂ, ನಿಮ್ಮ ಬರಹ ಓದಿದ ಮೇಲೆ ಎರಡನ್ನೂ ಒಂದೇ ಗೋಡೆಗೆ ತೂಗುಹಾಕುವುದು ಬೇಡ ಎನ್ನಿಸುತ್ತಿದೆ. ಆದರೆ ಕಾರಣ ಮೇಷ್ಟ್ರು ಹೇಳಿದ್ದಲ್ಲ, ನೀವು ಹೇಳಿದ್ದು.

ಕೋಲಾರ ಕಪ್ಪುಬಿಳುಪು

ಪರ್ಯಾಯ ವಿಧಾನ ಎಂದರೆ ಮುದ್ರಣಕ್ಕೆ ಮಾತ್ರ ಸಂಬಂಧಿಸಿದ್ದು, ಕ್ಯಾಮೆರಾದೊಳಗೆ ಏನಿತ್ತು ಎಂಬುದು ಲೆಕ್ಕಕ್ಕೆ ಬರುವುದಿಲ್ಲ ಎಂದು ನಿಯಮ ಮಾಡಿದರೆ ಸರಳವಾಗುವುದಿಲ್ಲವೇ?

ರಸಾಯನ ಮೇಷ್ಟ್ರು

ಆಗುವುದಿಲ್ಲ. ಹಸಿ ಕೊಲೋಡಿಯನ್ ವಿಧಾನದಲ್ಲಿ ಗಾಜಿಗೋ ತಗಡಿಗೋ ಲೇಪನ ಮಾಡಿ, ಒಣಗುವ ಮೊದಲೇ ಕ್ಯಾಮೆರಾಕ್ಕೆ ಹಾಕಿ ಚಿತ್ರ ತೆಗೆದು, ಒಣಗುವ ಮೊದಲೇ ಡೆವಲಪ್ ಮಾಡಬೇಕು. ಅಲ್ಲಿ ಕ್ಯಾಮೆರಾದೊಳಗಿನ ಫಲಕವೇ ಅಂತಿಮ ಚಿತ್ರವಾಗಿರಬಹುದು. ಕಾಗದದ ನೆಗೆಟಿವ್‌ಗಳೂ ಹಾಗೆಯೇ. ಬ್ರಿಟಿಷ್ ಸೇನಾಧಿಕಾರಿ, ಛಾಯಾಗ್ರಾಹಕ ಲಿನ್ನಿಯಸ್ ಟ್ರೈಪ್ 1854ರಲ್ಲಿ ಹಳೇಬೀಡು, ಬೇಲೂರುಗಳ ದೇವಾಲಯಗಳನ್ನು ಚಿತ್ರಿಸಿದ್ದು ಕಾಗದದ ನೆಗೆಟಿವ್‌ಗಳಲ್ಲೇ. ಮುದ್ರಣಕ್ಕೆ ಮಾತ್ರ ಎಂದರೆ ಇವೆಲ್ಲ ಹೊರಗುಳಿಯುತ್ತವೆ.

ಹಿಪ್ಪುನೇರಳೆ (ಶಿಡ್ಲಘಟ್ಟ)

ಹಿರಿಯರಿಗೆಲ್ಲ ನಮಸ್ಕಾರ. ನಾನು ಪದವಿ ವಿದ್ಯಾರ್ಥಿನಿ. ನನ್ನ ಚಿತ್ರವನ್ನೂ ಇದೇ ವಿಭಾಗಕ್ಕೆ ಕಳುಹಿಸಿದ್ದೇನೆ, ಆದ್ದರಿಂದ ಚರ್ಚೆ ಓದುತ್ತ ಸ್ವಲ್ಪ ಆತಂಕವಾಯಿತು. ನಮ್ಮ ಊರಿನಲ್ಲಿ ಮುಚ್ಚಿದ ಒಂದು ಸ್ಟುಡಿಯೋದವರು ಅವಧಿ ಮುಗಿದ ಬ್ರೊಮೈಡ್ ಕಾಗದದ ಪೆಟ್ಟಿಗೆಯನ್ನು ಕೊಟ್ಟರು. ಹುಳುವಿಗೆ ಹಾಕಲು ತಂದಿದ್ದ ಹಿಪ್ಪುನೇರಳೆ ಸೊಪ್ಪಿನಿಂದ ಒಂದು ಎಲೆಯನ್ನು ತೆಗೆದು, ಆ ಕಾಗದದ ಮೇಲಿಟ್ಟು, ಗಾಜು ಮುಚ್ಚಿ ಬಿಸಿಲಿನಲ್ಲಿ ಬಿಟ್ಟೆ. ಡೆವಲಪರ್ ಹಾಕಲೇ ಇಲ್ಲ. ಬಿಳಿ ಕಾಗದ ನೇರಳೆ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ, ಎಲೆ ಇದ್ದ ಜಾಗದಲ್ಲಿ ನರಗಳ ಸಮೇತ ತಿಳಿ ಗುಲಾಬಿ ಅಚ್ಚು ಉಳಿಯಿತು. ಎಲೆಯ ಹಸಿ ತೇವ ತಾಗಿದ ಕಡೆ ಬಣ್ಣ ಬೇರೆಯೇ ಬಂದಿದೆ. ಇದನ್ನು ಲ್ಯೂಮೆನ್ ಪ್ರಿಂಟ್ ಎನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ಕಾಗದ ಕಾರ್ಖಾನೆಯದು, ಲೇಪನ ನನ್ನದಲ್ಲ. ಮೇಷ್ಟ್ರ ಗೆರೆಯ ಪ್ರಕಾರ ನಾನು ಹೊರಗೆ ಹೋಗಬೇಕೇ?

ತಿಪಟೂರು ತೆಂಗು

ಈ ಪ್ರಶ್ನೆಗೆ ಮೇಷ್ಟ್ರು ಉತ್ತರ ಕೊಡಲೇಬೇಕು.

ರಸಾಯನ ಮೇಷ್ಟ್ರು

ಕೊಡುತ್ತೇನೆ. ಈ ಹುಡುಗಿಯ ಚಿತ್ರ ಪರ್ಯಾಯ ವಿಧಾನವೇ, ಅದರಲ್ಲಿ ಅನುಮಾನವಿಲ್ಲ. ಬ್ರೊಮೈಡ್ ಕಾಗದವನ್ನು ತಯಾರಿಸಿದವರು ಅದನ್ನು ಕತ್ತಲಲ್ಲಿ ಕ್ಷಣಮಾತ್ರ ಬೆಳಕಿಗೆ ಒಡ್ಡಿ ಡೆವಲಪರ್‌ಗೆ ಹಾಕಲೆಂದು ರೂಪಿಸಿದ್ದಾರೆ. ಅದನ್ನು ಬಿಸಿಲಿನಲ್ಲಿಟ್ಟು, ಬೆಳ್ಳಿಯ ಲವಣ ತಾನಾಗಿಯೇ ಬಣ್ಣ ತಾಳುವಂತೆ ಮಾಡುವುದು ಆ ದಾರಿಯನ್ನು ಬಿಟ್ಟು ನಡೆದಂತೆ. ಆದ್ದರಿಂದ ಗೆರೆಯನ್ನು ಇನ್ನಷ್ಟು ನಿಖರವಾಗಿ ಎಳೆಯುತ್ತೇನೆ: ಬೆಳಕಿನ ಮೇಲ್ಮೈಯನ್ನು ಸ್ವತಃ ತಯಾರಿಸಿರಬೇಕು, ಇಲ್ಲವೇ ಸಿದ್ಧ ಮೇಲ್ಮೈಯನ್ನು ತಯಾರಕರು ಹೇಳದ ದಾರಿಯಲ್ಲಿ ನಡೆಸಿರಬೇಕು. ಜಾತ್ರೆಯ ಪ್ರಿಂಟ್ ಎಷ್ಟೇ ಸೊಗಸಾಗಿದ್ದರೂ ತಯಾರಕರು ಹೇಳಿದ ದಾರಿಯನ್ನೇ ನಿಷ್ಠೆಯಿಂದ ಅನುಸರಿಸಿದೆ. ಪ್ರಿಂಟನ್ನು ಹೈಪೊಗೆ ಹಾಕುವ ಮೊದಲು ಒಂದು ಸ್ಕ್ಯಾನ್ ಮಾಡಿಟ್ಟುಕೊಂಡಿದ್ದೀರಾ, ಮಗಳೇ? ಹೈಪೊಗೆ ಹಾಕಿದ ಮೇಲೆ ಆ ಬಣ್ಣಗಳು ಬಹಳಷ್ಟು ತಿಳಿಯಾಗುತ್ತವೆ.

ನಂದಿ ತಪ್ಪಲು

ಹಾಗಾದರೆ ಡಿ-76 ಬದಲು ಕಾಫಿ ಪುಡಿ, ವಾಷಿಂಗ್ ಸೋಡಾ ಮತ್ತು ವಿಟಮಿನ್ ಸಿ ಬೆರೆಸಿ ಅದೇ ರೀಲನ್ನು ಡೆವಲಪ್ ಮಾಡಿದರೆ ಅದು ಪರ್ಯಾಯವಾಗುತ್ತದೆ, ಅಲ್ಲವೇ? ಅಮೆರಿಕದ ರಾಚೆಸ್ಟರ್ ತಂತ್ರಜ್ಞಾನ ಸಂಸ್ಥೆಯ ತರಗತಿಯೊಂದರಲ್ಲಿ 1995ರಲ್ಲಿ ಮೊದಲು ಮಾಡಿದ್ದು ಇದು; ನಾನೂ ಮಾಡುತ್ತಿದ್ದೇನೆ. ನೆಗೆಟಿವ್ ನೋಡಿದರೆ ಸ್ವಲ್ಪ ಕಂದು ಛಾಯೆ ಬಿಟ್ಟರೆ ಬೇರೆ ವ್ಯತ್ಯಾಸ ಕಾಣುವುದಿಲ್ಲ. ಒಂದೇ ರೀಲು, ಒಂದೇ ಕ್ಯಾಮೆರಾ, ಒಂದೇ ಕಾಗದ. ಡೆವಲಪರ್ ಬದಲಾದ ಮಾತ್ರಕ್ಕೆ ಒಂದು ಒಳಗೆ, ಒಂದು ಹೊರಗೆ ಎಂಬುದು ನ್ಯಾಯವಾಗಿ ಕಾಣುತ್ತದೆಯೇ?

ರಸಾಯನ ಮೇಷ್ಟ್ರು

ಅದು ಅಂಚಿನ ಪ್ರಕರಣ. ನಾನಾದರೆ ಒಳಗೆ ಬಿಡುತ್ತೇನೆ. ಗಡಿಯ ಮೇಲೆ ಒಂದೆರಡು ಮನೆ ಇದ್ದ ಮಾತ್ರಕ್ಕೆ ಊರುಗಳ ನಡುವೆ ಗಡಿಯೇ ಇಲ್ಲ ಎಂದಾಗುವುದಿಲ್ಲ.

ಹಿಪ್ಪುನೇರಳೆ

ಧನ್ಯವಾದಗಳು ಸರ್, ಸ್ಕ್ಯಾನ್ ಇಟ್ಟುಕೊಂಡಿದ್ದೇನೆ. ಇನ್ನೊಂದು ಪ್ರಶ್ನೆ: ಮುಂದೆ ಗಮ್ ಬೈಕ್ರೋಮೇಟ್ ಮಾಡಬೇಕೆಂದಿದೆ. ಕಾಲೇಜಿನ ಲ್ಯಾಬಿನಲ್ಲಿರುವ ಪೊಟ್ಯಾಸಿಯಂ ಡೈಕ್ರೋಮೇಟನ್ನು ಬಳಸಬಹುದೇ?

ರಸಾಯನ ಮೇಷ್ಟ್ರು

ಒಬ್ಬರೇ ಬಳಸಬೇಡಿ. ಅದರಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ವಿಷಕಾರಿ ರೂಪ) ಕ್ಯಾನ್ಸರ್‌ಕಾರಕ. ಚರ್ಮಕ್ಕೆ ತಾಗಿದರೆ ಹುಣ್ಣಾಗುತ್ತದೆ, ಪುಡಿ ಉಸಿರಿಗೆ ಹೋಗಲೇಬಾರದು. ಕೈಗವಸು ಹಾಕಿ, ಅಧ್ಯಾಪಕರ ಎದುರಿನಲ್ಲಿ ಮಾತ್ರ ಮಾಡಿ. ತೊಳೆದ ನೀರು ಚರಂಡಿಗೆ, ಕೆರೆಗೆ ಹೋಗಬಾರದು. ಮೊದಲು ಸಯನೋಟೈಪಿನಲ್ಲಿ ಕೈ ಪಳಗಿಸಿಕೊಳ್ಳಿ. ವ್ಯಾನ್ ಡೈಕ್ ಮಾಡುವಾಗ ಸಿಲ್ವರ್ ನೈಟ್ರೇಟ್ ಕಣ್ಣಿಗೆ ಸಿಡಿಯದಂತೆ ಕನ್ನಡಕ ಹಾಕಿ. ಮೈಸೂರಿನಲ್ಲಿ ತಯಾರಾಗುವ ಮತದಾನದ ಶಾಯಿಯಲ್ಲಿರುವುದೂ ಅದೇ ಲವಣ. ಬೆರಳಿಗೆ ತಾಗಿದರೆ ವಾರಗಟ್ಟಲೆ ಹೋಗದು.

ಮಧುಗಿರಿ ಕೋಟೆ

ಪ್ರತಿ ಚಿತ್ರದ ಕೆಳಗೆ ಅದು ಹೇಗೆ ತಯಾರಾಯಿತು ಎಂದು ಎರಡು ಸಾಲು ಬರೆಸಿ. ಯಾವ ಫಿಲ್ಮು ಅಥವಾ ಯಾವ ನೆಗೆಟಿವ್, ಲೇಪನ ಯಾರದು, ಯಾವ ಕಾಗದ, ಎಲ್ಲಿ ತೊಳೆದದ್ದು ಎಂಬಷ್ಟು ಇದ್ದರೆ ಸಾಕು, ನೋಡುವವರು ತಾವೇ ಅರ್ಥ ಮಾಡಿಕೊಳ್ಳುತ್ತಾರೆ.

ಚಿಂತಾಮಣಿ ಸ್ಟುಡಿಯೋ

ಇದು ಒಳ್ಳೆಯ ಸಲಹೆ. ‘ಬ್ರೊಮೈಡ್ ಪ್ರಿಂಟ್’ ಎಂದು ಬರೆಯುವಾಗ ಆರ್.ಸಿ. ಕಾಗದವೋ ಫೈಬರ್ ಕಾಗದವೋ ಎಂಬುದನ್ನೂ ಸೇರಿಸಿ. ಪ್ಲಾಸ್ಟಿಕ್ ಪದರವಿರುವ ಆರ್.ಸಿ. ಕಾಗದವನ್ನು ಕೆಲವೇ ನಿಮಿಷಗಳಲ್ಲಿ ತೊಳೆದು ಮುಗಿಸಬಹುದು. ಫೈಬರ್ ಕಾಗದ ಹೈಪೊವನ್ನು ಒಳಗೆಳೆದುಕೊಳ್ಳುವುದರಿಂದ ಬಹಳ ಹೊತ್ತು ಹರಿಯುವ ನೀರಿನಲ್ಲಿ ಬಿಡಬೇಕು. ನೀರಿಗೆ ಟ್ಯಾಂಕರ್ ಕಾಯುವ ನಮ್ಮ ಜಿಲ್ಲೆಗಳಲ್ಲಿ ಫೈಬರ್ ಪ್ರಿಂಟ್ ಮಾಡಿದವರ ಶ್ರಮ ನೋಡುಗರಿಗೆ ತಿಳಿಯಬೇಕು.

ಅಮಾನಿಕೆರೆ ದಂಡೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಸಮಿತಿಯಲ್ಲಿ ಈ ಚರ್ಚೆಯನ್ನು ಓದಿ, ಹೀಗೆ ತೀರ್ಮಾನಿಸಿದ್ದೇವೆ. ಪರ್ಯಾಯ ವಿಧಾನಗಳ ವಿಭಾಗಕ್ಕೆ ಮೇಷ್ಟ್ರು ಕೊನೆಗೆ ಹೇಳಿದ ಗೆರೆಯನ್ನೇ ನಿಯಮವಾಗಿ ಇಟ್ಟುಕೊಳ್ಳುತ್ತೇವೆ. ಶಿಡ್ಲಘಟ್ಟದ ಲ್ಯೂಮೆನ್ ಪ್ರಿಂಟ್ ಮತ್ತು ಆವನಿಯವರ ಚಿತ್ರಗಳು ಅಲ್ಲಿರುತ್ತವೆ. ಸಿದ್ಧಗಂಗೆ ಜಾತ್ರೆಯ ಪ್ರಿಂಟಿಗಾಗಿ ‘ಡಾರ್ಕ್ ರೂಮ್ ಪ್ರಿಂಟುಗಳು’ ಎಂಬ ಪ್ರತ್ಯೇಕ ವಿಭಾಗ ತೆರೆಯುತ್ತೇವೆ. ದೇವರಾಯನದುರ್ಗದ ಬಣ್ಣದ ಚಿತ್ರ ಸಾಮಾನ್ಯ ವಿಭಾಗಕ್ಕೆ ಹೋಗುತ್ತದೆ. ಫಿಲ್ಮಿನಲ್ಲಿ ತೆಗೆದದ್ದು ಎಂದು ಕೆಳಗೆ ನಮೂದಿಸುತ್ತೇವೆ. ಎಲ್ಲ ಚಿತ್ರಗಳಿಗೂ ತಯಾರಿಯ ವಿವರ ಕಡ್ಡಾಯ. ಚಿಂತಾಮಣಿಯವರು ಟಚಿಂಗ್ ಮಾಡಿದ ಹಳೆಯ ನೆಗೆಟಿವ್ ಮತ್ತು ಅದರ ಪ್ರಿಂಟನ್ನು ಜೊತೆಯಾಗಿ ಕೊಟ್ಟರೆ, ಹೊಸ ವಿಭಾಗದ ಆರಂಭದಲ್ಲಿ ಇಡಬೇಕೆಂದು ಎಲ್ಲರ ಆಸೆ.

ಚಿಂತಾಮಣಿ ಸ್ಟುಡಿಯೋ

ಕೊಡುತ್ತೇನೆ. ಹಿಂದಿನಿಂದ ಬೆಳಕು ಬೀಳುವ ಪೆಟ್ಟಿಗೆಯ ವ್ಯವಸ್ಥೆ ನಿಮ್ಮ ಕಡೆಯಿಂದ ಆಗಬೇಕು.

ನಂದಿ ತಪ್ಪಲು

ತೀರ್ಮಾನಕ್ಕೆ ಬದ್ಧನಾಗಿರುತ್ತೇನೆ, ಆದರೆ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಒಂದೇ ಒಂದು ಪ್ರಿಂಟಿಗೆ ಒಂದು ವಿಭಾಗ ತೆರೆದಿದ್ದೀರಿ. ಮೂರು ಜಿಲ್ಲೆಗಳಲ್ಲಿ ಇಂದು ಎನ್‌ಲಾರ್ಜರ್ ಬಳಸುವವರು ಬೆರಳೆಣಿಕೆಯಷ್ಟು ಮಂದಿ. ಮುಂದಿನ ವರ್ಷ ಆ ವಿಭಾಗಕ್ಕೆ ಚಿತ್ರಗಳೇ ಬರಲಿಲ್ಲವೆಂದು ನೀವು ಅದನ್ನು ತೆಗೆದುಹಾಕಿದರೆ, ಅವರಿಗೆ ಪರ್ಯಾಯ ವಿಧಾನಗಳ ವಿಭಾಗದಲ್ಲೂ ಜಾಗವಿಲ್ಲ, ಬೇರೆಲ್ಲೂ ಜಾಗವಿಲ್ಲ. ಆಗ ಏನು ಮಾಡುತ್ತೀರಿ ಎಂಬುದನ್ನು ಈಗಲೇ ನಿಯಮದಲ್ಲಿ ಬರೆದಿಡಿ.

ಅಮಾನಿಕೆರೆ ದಂಡೆ

ಬರೆದಿಡುತ್ತೇವೆ. ಒಂದೇ ಚಿತ್ರ ಬಂದರೂ ವಿಭಾಗ ಮುಂದುವರಿಯುತ್ತದೆ ಎಂಬ ಸಾಲನ್ನು ಇಂದೇ ಸೇರಿಸಲಾಗಿದೆ.

ಆವನಿ ಬೆಟ್ಟ

ಒಂದು ವಿನಂತಿ: ಸಯನೋಟೈಪ್‌ಗಳನ್ನು ಕಿಟಕಿಯ ಎದುರಿನ ಗೋಡೆಗೆ ಹಾಕಬೇಡಿ. ನೇರ ಬಿಸಿಲಿಗೆ ನೀಲಿ ಮಾಸುತ್ತದೆ. ಮತ್ತೆ ಕತ್ತಲಲ್ಲಿಟ್ಟರೆ ಬಹುಮಟ್ಟಿಗೆ ಮರಳುತ್ತದಾದರೂ ಪ್ರದರ್ಶನದ ದಿನ ಮಂಕಾಗಿ ಕಾಣುವುದು ಬೇಡ.

ಅಮಾನಿಕೆರೆ ದಂಡೆ

ಆಗಲಿ ಮೇಡಂ, ಒಳಗೋಡೆಯನ್ನು ನಿಮಗಾಗಿ ಗುರುತಿಸಿದ್ದೇವೆ. ಡಾರ್ಕ್ ರೂಮ್ ವಿಭಾಗಕ್ಕೆ ಕಳುಹಿಸುವವರು ಜುಲೈ ಕೊನೆಯೊಳಗೆ ಕಳುಹಿಸಬೇಕೆಂದು ಕೋರುತ್ತೇನೆ.